ಗುಳ್ಳೆ ಒಡೆದದ್ದು ಅರ್ಧ ಕಥೆ ಮಾತ್ರ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಯುರೋಪಿನ ಟೆಲಿಕಾಂ ಷೇರುಗಳ ಲೇಖನ ಓದಿದೆ. ಜರ್ಮನಿಯ ಫೋನ್ ಕಂಪನಿ ಡಾಯ್ಚ ಟೆಲಿಕಾಂ ಷೇರು 2000ದ ನಂತರ ಕುಸಿದದ್ದಕ್ಕೆ 'ಇಂಟರ್ನೆಟ್ ಗುಳ್ಳೆ ಒಡೆಯಿತು', ಅಂದರೆ ಅತಿಯಾಗಿ ಉಬ್ಬಿದ್ದ ಇಂಟರ್ನೆಟ್ ಷೇರುಗಳ ಬೆಲೆ ಬಿತ್ತು, ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನಿರುವುದು ಆ ಕಂಪನಿಯ ಮುಖ್ಯ ಕಚೇರಿ ಇರುವ ಬಾನ್ ನಗರದಲ್ಲಿ. ಈ ಕಥೆ ಒಂದು ಸಾಲಿಗೆ ಮುಗಿಯುವಂಥದ್ದಲ್ಲ.

ಜರ್ಮನ್ನರು ಷೇರು ಅಂದ್ರೆ ಮಾರು ದೂರ ನಿಲ್ಲುವ ಜನ. ಉಳಿತಾಯ ಖಾತೆಯೇ ಅವರಿಗೆ ದೇವರು. ಅಂಥವರನ್ನು 1996ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಷೇರು ಪೇಟೆಗೆ ಎಳೆದು ತಂದದ್ದು ಇದೇ ಷೇರು. ಬೆಲೆ ಆಗಿನ ಜರ್ಮನ್ ಹಣದಲ್ಲಿ 28.50 ಮಾರ್ಕ್, ಅಂದರೆ 14.57 ಯೂರೋ. ಮಾನ್‌ಫ್ರೆಡ್ ಕ್ರೂಗ್ ಎಂಬ ಜನಪ್ರಿಯ ಟಿವಿ ನಟ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 'ಜನರ ಷೇರು' ಎಂಬ ಹೆಸರೂ ಬಿತ್ತು. ಮನೆಗೆ ಫೋನ್ ಕೊಟ್ಟ ಕಂಪನಿ, ಬೆನ್ನಿಗೆ ಸರ್ಕಾರ. ಇನ್ನೇನು ಭಯ, ಅಲ್ವಾ?

1999ರಲ್ಲಿ ಇನ್ನೊಂದು ಕಂತು 39.50 ಯೂರೋಗೆ ಬಂತು. 2000ದ ಮಾರ್ಚ್‌ನಲ್ಲಿ ಪೇಟೆಯ ಬೆಲೆ 103 ಯೂರೋ ಮುಟ್ಟಿತು. ಜೂನ್ ಹೊತ್ತಿಗೆ ಅದು ಇಳಿಯುತ್ತಿತ್ತು. ಸರ್ಕಾರಿ ಬ್ಯಾಂಕ್ ತನ್ನ ಕೈಯಲ್ಲಿದ್ದ 20 ಕೋಟಿ ಷೇರುಗಳನ್ನು 66.50 ಯೂರೋ ದರದಲ್ಲಿ ಮಾರಿದ್ದು ಆಗಲೇ.

ನಿಮ್ಮ ಲೇಖನ ಪೂರ್ತಿ ಬಿಟ್ಟದ್ದು ಇದರ ಮುಂದಿನ ಭಾಗವನ್ನು. ಎರಡೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಮೈನ್ಸ್ ನಗರದಲ್ಲಿ 3ಜಿ ತರಂಗಾಂತರದ ಹರಾಜು ನಡೆಯಿತು. 173 ಸುತ್ತು! ಸರ್ಕಾರಕ್ಕೆ ಸಿಕ್ಕಿದ್ದು 5,000 ಕೋಟಿ ಯೂರೋಗೂ ಜಾಸ್ತಿ. ಅದರಲ್ಲಿ ಸುಮಾರು 850 ಕೋಟಿ ಕಟ್ಟಿದ್ದು ಡಾಯ್ಚ ಟೆಲಿಕಾಂ. ಹಸು ಮಾರಿ ದುಡ್ಡು ಎಣಿಸಿಕೊಂಡವನೇ ಎರಡು ತಿಂಗಳು ಬಿಟ್ಟು ಬಂದು ಹಾಲನ್ನೂ ಕರೆದುಕೊಂಡು ಹೋದ ಹಾಗೆ. ಲೈಸೆನ್ಸ್ ಪಡೆದ ಆರರಲ್ಲಿ ಎರಡು ಕಂಪನಿಗಳು 3ಜಿ ಶುರು ಮಾಡಲೇ ಇಲ್ಲ.

ಬ್ರಿಟನ್ ಅದೇ ವರ್ಷ ಇಂಥದೇ ಹರಾಜಿನಲ್ಲಿ 2,250 ಕೋಟಿ ಪೌಂಡ್ ಬಾಚಿಕೊಂಡಿತು. ಫ್ರಾನ್ಸ್ ಟೆಲಿಕಾಂ ಬ್ರಿಟನ್ನಿನ ಮೊಬೈಲ್ ಕಂಪನಿ ಆರೆಂಜನ್ನು ಕೊಂಡಿತು. 2002ರ ಹೊತ್ತಿಗೆ ಅದರ ಸಾಲ ಸುಮಾರು 7,000 ಕೋಟಿ ಯೂರೋ. ಗುಳ್ಳೆ ನಿಜವೇ. ಆದರೆ ಅದು ಒಡೆದಾಗ ಈ ಕಂಪನಿಗಳ ತಲೆ ಮೇಲೆ ಇಷ್ಟೊಂದು ಸಾಲ ಹೊರಿಸಿದ್ದವರು ಯಾರು?

2002ರಲ್ಲಿ ಡಾಯ್ಚ ಟೆಲಿಕಾಂ ಷೇರು 8 ಯೂರೋ ಹತ್ತಿರ ಬಂತು. ಜುಲೈನಲ್ಲಿ ಮುಖ್ಯಸ್ಥ ರಾನ್ ಸೋಮರ್ ಕೆಳಗಿಳಿದರು. ಫೋನ್ ಮಾತ್ರ ಒಂದು ದಿನವೂ ನಿಲ್ಲಲಿಲ್ಲ, ಗಮನಿಸಿ. ಅಂದು ವಿಪರೀತ ಬೆಲೆ ಕೊಟ್ಟು ಕೊಂಡರು ಅಂತ ಎಲ್ಲರೂ ಬೈದ ಅಮೆರಿಕದ ವಾಯ್ಸ್‌ಸ್ಟ್ರೀಮ್ ಕಂಪನಿಯೇ ಇವತ್ತಿನ ಟಿ-ಮೊಬೈಲ್. ಈಗ ಡಾಯ್ಚ ಟೆಲಿಕಾಂ ಆದಾಯದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಕಂಪನಿ ಕೆಟ್ಟಿರಲಿಲ್ಲ. ಜನ ಕೊಟ್ಟ ಬೆಲೆ ಕೆಟ್ಟಿತ್ತು.

ಸುಮಾರು 17,000 ಷೇರುದಾರರು ಡಾಯ್ಚ ಟೆಲಿಕಾಂ ವಿರುದ್ಧ ಕೋರ್ಟಿಗೆ ಹೋದರು. ಅಷ್ಟು ದಾವೆ ನಡೆಸುವುದಕ್ಕೆ ದಾರಿಯೇ ಇರಲಿಲ್ಲ. ಹಾಗಾಗಿ 2005ರಲ್ಲಿ ಹೊಸ ಕಾನೂನೇ ಬಂತು. ರಾಜಿ ಆದದ್ದು 2021ರಲ್ಲಿ. ನಟ ಕ್ರೂಗ್ 2007ರಲ್ಲೇ ಕ್ಷಮೆ ಕೇಳಿದ್ದರು.

ನನ್ನದೊಂದು ಸಣ್ಣ ಕೋರಿಕೆ. ಇನ್ನು ಮುಂದೆ ಷೇರು ಬಿದ್ದ ಸುದ್ದಿ ಬರೆಯುವಾಗ, ಅದನ್ನು ಯಾರು, ಯಾವಾಗ, ಎಷ್ಟಕ್ಕೆ ಜನರಿಗೆ ಮಾರಿದ್ದರು ಎನ್ನುವುದನ್ನೂ ಒಂದು ಸಾಲು ಹಾಕಿ.

ಇಂತಿ,
ಬಾನ್‌ನಿಂದ ನಿಮ್ಮ ಹಳೆಯ ಓದುಗ