ಕಾಡಿನ ಕಪ್ಪೆ ‘ಹೊಸ ತಳಿ’ ಆಗದು

ಮಾನ್ಯರೇ,

ಹೊಸ ಕಪ್ಪೆಯೋ ಜೇಡವೋ ಪತ್ತೆಯಾದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅದನ್ನು ಒಂದೇ ವರದಿಯೊಳಗೆ ‘ಹೊಸ ಜಾತಿ’, ‘ಹೊಸ ತಳಿ’, ‘ಹೊಸ ಪ್ರಭೇದ’ ಎಂದೆಲ್ಲ ಕರೆಯುತ್ತವೆ. ಇವು ಒಂದಕ್ಕೊಂದು ಬದಲಿ ಪದಗಳಲ್ಲ. ತಳಿ ಎಂದರೆ ಮನುಷ್ಯ ಆಯ್ದು ಬೆಳೆಸಿದ್ದು. ಪಗ್ ಮತ್ತು ಅಲ್ಸೇಷನ್ ನಾಯಿಗಳು ನೋಡಲು ಎಷ್ಟೇ ಬೇರೆಯಾದರೂ ಪ್ರಭೇದ (ಸ್ಪೀಷೀಸ್) ಒಂದೇ. ಕಾಡಿನಲ್ಲಿ ಸಿಕ್ಕ ಕಪ್ಪೆಯನ್ನು ಯಾರೂ ಹಾಗೆ ಬೆಳೆಸಿಲ್ಲ. ‘ಜಾತಿ’ಯ ತೊಡಕು ಬೇರೆ: ಕೆಲವು ಪಠ್ಯಗಳಲ್ಲಿ ಅದು ಕುಲ (ಹತ್ತಿರದ ಪ್ರಭೇದಗಳ ಗುಂಪು), ಆಡುಮಾತಿನಲ್ಲಿ ಪ್ರಭೇದ. ಸುದ್ದಿಯಲ್ಲಿ ಅದನ್ನು ಬಿಟ್ಟುಬಿಡುವುದೇ ವಾಸಿ.

ಜೀವಿಗಳ ವರ್ಗೀಕರಣದ ಮೆಟ್ಟಿಲು ಮೇಲಿನಿಂದ ಕೆಳಕ್ಕೆ ಹೀಗಿದೆ: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ. ಹುಲಿ, ಸಿಂಹ, ಚಿರತೆ ಮೂರೂ ಪ್ಯಾಂಥೆರಾ ಕುಲದವು. ಚೀತಾದ ಕುಲ ಅಸಿನೋನಿಕ್ಸ್. ಅದು ಹುಲಿಯೊಡನೆ ಕೂಡುವುದು ಫೆಲಿಡೇ ಕುಟುಂಬದಲ್ಲಿ. ಚಿರತೆಯ ಚಿತ್ರದಡಿ ‘ಚೀತಾ’ ಎಂದು ಅಚ್ಚಾದರೆ ಕುಲವೇ ತಪ್ಪಿತು. ಜೇಡವನ್ನು ಕೀಟವೆಂದರೆ ತಪ್ಪು ಇನ್ನೂ ಮೇಲಿನದು: ಆರು ಕಾಲಿನ ಕೀಟಗಳದ್ದೂ ಎಂಟು ಕಾಲಿನ ಜೇಡಗಳದ್ದೂ ವಂಶ ಒಂದೇ, ವರ್ಗ ಬೇರೆ. ಅಣಬೆಯನ್ನು ಸಸ್ಯವೆಂದರಂತೂ ಸಾಮ್ರಾಜ್ಯವೇ ಕೈತಪ್ಪಿದಂತೆ.

ಹೊರನೋಟವನ್ನು ನಂಬಿದರೂ ಎಡವಟ್ಟಾಗುತ್ತದೆ. ಕತ್ತೆಕಿರುಬ ನಾಯಿಯಂತೆ ಕಂಡರೂ ಅದಕ್ಕೆ ತನ್ನದೇ ಕುಟುಂಬವಿದೆ, ನಂಟು ಬೆಕ್ಕುಗಳ ಕಡೆಗೆ ಹತ್ತಿರ. ಬಿದಿರು ಅಗಿಯುವ ದೈತ್ಯ ಪಾಂಡಾ ಮಾಂಸಾಹಾರಿ ಗಣದಲ್ಲೇ ಇದೆ, ಏಕೆಂದರೆ ಗಣವನ್ನು ಹೇಳುವುದು ಪೂರ್ವಜರು, ಊಟವಲ್ಲ.

ಇನ್ನು ವೈಜ್ಞಾನಿಕ ಹೆಸರು. ಅದು ಎರಡು ಪದಗಳ ಜೋಡಿ, ಓರೆ ಅಕ್ಷರದಲ್ಲಿರಬೇಕು. ಎರಡನೆಯದನ್ನು ಒಂಟಿಯಾಗಿ ಬರೆದರೆ ಅರ್ಥವಿಲ್ಲ: ಮಾವು, ಹುಣಸೆ, ಬೇವು ಮೂರರ ಎರಡನೆಯ ಪದವೂ ‘ಇಂಡಿಕಾ’! ಕುಲದ ಹೆಸರಿನ ಪಕ್ಕ ‘ಎಸ್‌ಪಿ.’ ಎಂದಿದ್ದರೆ ಅದು ಹೆಸರಿನ ಭಾಗವಲ್ಲ (ಪೊಲೀಸ್ ಅಧಿಕಾರಿಯೂ ಅಲ್ಲ). ಕುಲ ಗೊತ್ತಾಗಿದೆ, ಪ್ರಭೇದ ಇನ್ನೂ ನಿರ್ಧಾರವಾಗಿಲ್ಲ ಎಂದು ಅದರರ್ಥ. ಅಂಥದ್ದನ್ನು ‘ಹೊಸ ಪ್ರಭೇದ’ ಎಂದು ಶೀರ್ಷಿಕೆ ಕೊಡುವುದು ಅವಸರ.

ಉಪಸಂಪಾದಕರು ಬೇಡವೆಂದು ತೆಗೆದುಹಾಕುವ ಇನ್ನೊಂದು ಗುರುತು ಕಂಸ. ಜೋಡಿ ಹೆಸರಿನ ಮುಂದೆ ಅದನ್ನಿಟ್ಟ ವಿಜ್ಞಾನಿಯ ಹೆಸರನ್ನೂ ವರ್ಷವನ್ನೂ ಬರೆಯುವುದುಂಟು. ಬೆಕ್ಕಿನ ಹೆಸರು ಫೆಲಿಸ್ ಕ್ಯಾಟಸ್ ಲಿನೇಯಸ್, 1758. ಹುಲಿಯದು ಪ್ಯಾಂಥೆರಾ ಟೈಗ್ರಿಸ್ (ಲಿನೇಯಸ್, 1758). ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಅಂದು ಎರಡನ್ನೂ ಫೆಲಿಸ್ ಕುಲದಲ್ಲೇ ಇಟ್ಟಿದ್ದರು. ಬೆಕ್ಕು ಅಲ್ಲೇ ಉಳಿಯಿತು, ಹುಲಿಯನ್ನು ಮುಂದೆ ಪ್ಯಾಂಥೆರಾಕ್ಕೆ ಸೇರಿಸಲಾಯಿತು. ಪ್ರಾಣಿಗಳ ಹೆಸರಿನಲ್ಲಿ ಆ ಕಂಸ ಹೇಳುವುದು ಇಷ್ಟನ್ನೇ: ಹೆಸರಿಟ್ಟವರು ಇವರೇ, ಆದರೆ ಅವರು ಇಟ್ಟ ಕುಲ ಇದಲ್ಲ. ಪುಟ ಕಟ್ಟುವಾಗ ದಯವಿಟ್ಟು ಅದನ್ನು ಉಳಿಸಿಕೊಳ್ಳಿ.

– ಪ್ರಾಣಿಶಾಸ್ತ್ರ ಅಧ್ಯಾಪಕ