ಅಂಡಮಾನ್ ಮಕ್ಕಳ ಆಟಕ್ಕೆ ಒಂದು ಗಂಟೆ ಬೆಳಕು ಬೇಕು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ನಿಮ್ಮ ಪುರವಣಿಯಲ್ಲಿ ಅಂಡಮಾನ್ ಪ್ರವಾಸದ ಬರಹ ಒಂದಾದರೂ ಇರುತ್ತದೆ. ರಾಧಾನಗರ ಬೀಚು, ಸ್ಕೂಬಾ, ಸೆಲ್ಯುಲಾರ್ ಜೈಲು. ಓದಿ ಖುಷಿಪಡುತ್ತೇನೆ. ನಾನು ಮಲೆನಾಡಿನ ಸಾಗರ ಪೇಟೆಯ ಕಡೆಯ ಹಳ್ಳಿಯವಳು. ಮದುವೆಯಾಗಿ ಪೋರ್ಟ್ ಬ್ಲೇರಿಗೆ ಬಂದು ಹನ್ನೊಂದು ವರ್ಷ ಆಯಿತು. 2024ರಲ್ಲಿ ಊರಿನ ಹೆಸರು ಶ್ರೀ ವಿಜಯಪುರಂ ಆಗಿದೆ, ಆದರೆ ಬಾಯಿಗೆ ಬರುವುದು ಇನ್ನೂ ಹಳೆಯದೇ. ಇಲ್ಲೇ ಬಾಳುವವರು ಆಟ, ಈಜು, ವಾಕಿಂಗ್ ಅಂತ ಯಾವಾಗ ಹೊರಗೆ ಹೋಗುತ್ತಾರೆ ಎಂದು ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಪತ್ರ.

ನವೆಂಬರ್ ಕೊನೆಯಲ್ಲಿ ಇಲ್ಲಿ ಸಂಜೆ ಐದಕ್ಕೆ ಸೂರ್ಯ ಮುಳುಗುತ್ತಾನೆ. ಐದೂಕಾಲಿಗೆ ಮನೆಯೊಳಗೆ ದೀಪ ಹಾಕಲೇಬೇಕು. ಆ ಹೊತ್ತಿಗೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದರೆ ಊರಿನ ಅಂಗಳದಲ್ಲಿ ಇನ್ನೂ ಇಳಿಬಿಸಿಲು. ಒಣಹಾಕಿದ ಅಡಿಕೆಯನ್ನು ಅವರು ಆಗಷ್ಟೇ ರಾಶಿ ಮಾಡುತ್ತಿರುತ್ತಾರೆ. 'ಅಲ್ಲಿ ಆಗಲೇ ರಾತ್ರಿಯಾ?' ಅಂತ ಪ್ರತಿ ಸಲವೂ ಕೇಳುತ್ತಾರೆ. ಇಬ್ಬರ ಮನೆಯ ಗಡಿಯಾರದಲ್ಲೂ ಒಂದೇ ಟೈಮು.

ಕಾರಣ ಸುಲಭ. ದೇಶಕ್ಕೆಲ್ಲ ಗಡಿಯಾರ ಇಟ್ಟಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ. ನಾವಿರುವುದು 92.7ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ ವ್ಯತ್ಯಾಸ. ಹಾಗಾಗಿ ಬೆಂಗಳೂರಿಗಿಂತ ಹೆಚ್ಚುಕಮ್ಮಿ ಒಂದು ಗಂಟೆ ಮೊದಲೇ ಇಲ್ಲಿ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ಜೂನ್‌ನಲ್ಲಿ ಬೆಳಿಗ್ಗೆ ಐದಕ್ಕೇ ಬಿಸಿಲು ಕಿಟಕಿಗೆ ಬಂದಿರುತ್ತದೆ. ಮಕ್ಕಳು ಮಲಗಿರುತ್ತಾರೆ. ಆ ಬೆಳಕು ಸುಮ್ನೆ ಹೋಗುತ್ತದೆ.

ನನ್ನ ಮಗನಿಗೆ ಹತ್ತು ವರ್ಷ. ಶಾಲೆ, ಊಟ, ಟ್ಯೂಷನ್ ಎಲ್ಲ ಮುಗಿಸಿ ನಾಲ್ಕೂವರೆಗೆ ಮೈದಾನಕ್ಕೆ ಓಡುತ್ತಾನೆ. ಡಿಸೆಂಬರ್‌ನಲ್ಲಿ ಅವನಿಗೆ ಸಿಗುವುದು ಅರ್ಧ ಗಂಟೆ. ಮೊದಲು ಗೋಲಿನ ಹಿಂದಿನ ತೆಂಗಿನ ಮರಗಳು ಕಪ್ಪಾಗುತ್ತವೆ. ಆಮೇಲೆ ಎದುರಿನ ಹುಡುಗನ ಮುಖ ಕಾಣುವುದಿಲ್ಲ. ಕೊನೆಗೆ ಚೆಂಡೂ ಕಾಣುವುದಿಲ್ಲ, ಸದ್ದು ಕೇಳಿಕೊಂಡು ಅದರ ಹಿಂದೆ ಓಡುತ್ತಾರೆ. ಕಳೆದ ವರ್ಷ ಹೀಗೇ ಓಡಿ, ಚರಂಡಿಯ ಕಲ್ಲಿಗೆ ಎಡವಿ ಬಿದ್ದು ಅವನ ಮುಂಗೈ ಮುರಿಯಿತು. ಆರು ವಾರ ಪ್ಲಾಸ್ಟರ್ ಕಟ್ಟಿಕೊಂಡು ಮೈದಾನದ ಕಟ್ಟೆಯ ಮೇಲೆ ಕೂತಿದ್ದ ಅವನನ್ನು ನೋಡಿದಾಗಲೇ ಇದನ್ನು ಬರೆಯಬೇಕು ಅನ್ನಿಸಿತ್ತು.

ಸುತ್ತ ಸಮುದ್ರ ಇದೆಯಲ್ಲ, ಈಜಿ ಅನ್ನುತ್ತಾರೆ. ಉಪ್ಪುನೀರಿನ ಮೊಸಳೆ ಇರುವ ಕಡಲು ಇದು. ಕತ್ತಲಾದ ಮೇಲೆ ಅವುಗಳ ಓಡಾಟ ಜಾಸ್ತಿ. ವಂಡೂರಿನಂಥ ಬೀಚಿನಲ್ಲಿ ಈಜುವವರಿಗೆ ಬಲೆ ಕಟ್ಟಿದ್ದಾರೆ ನಿಜ, ಆದರೆ ಕತ್ತಲಲ್ಲಿ ಮಗುವನ್ನು ನೀರಿಗೆ ಬಿಡುವ ತಾಯಿ ಯಾರು? ಇನ್ನು ಮಳೆ. ಮುಂಗಾರು, ಹಿಂಗಾರು ಎರಡೂ ಸೇರಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುತ್ತದೆ. ಮೇ ತಿಂಗಳಿಗೆ ಹಿಡಿದ ಮಳೆ ಪೂರ್ತಿ ಬಿಡುವಾಗ ಡಿಸೆಂಬರ್. ಅಂಗಳ ಒಣಗುವುದಕ್ಕೂ ಹಗಲು ಗಿಡ್ಡವಾಗುವುದಕ್ಕೂ ಸರಿಹೋಗುತ್ತದೆ.

ಆಟದಲ್ಲಿ ಈ ದ್ವೀಪದ ಮಕ್ಕಳು ಕಡಿಮೆಯವರಲ್ಲ. 2004ರ ಸುನಾಮಿಯಲ್ಲಿ ಕಾರ್ ನಿಕೋಬಾರ್‌ನಲ್ಲಿ ಮರಕ್ಕೆ ಅಂಟಿಕೊಂಡು ಬದುಕುಳಿದ ಪುಟ್ಟ ಹುಡುಗಿ ಡೆಬೊರಾ ಹೆರಾಲ್ಡ್ ಮುಂದೆ ದೇಶದ ಹೆಸರಾಂತ ಸೈಕ್ಲಿಸ್ಟ್ ಆದರು. ನಿಕೋಬಾರಿನ ಎಸೋ ಆಲ್ಬೆನ್ 2018ರ ಜೂನಿಯರ್ ವಿಶ್ವ ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. ನನ್ನ ಮಗನ ಕೋಣೆಯಲ್ಲಿ ಅವರ ಫೋಟೊ ಇದೆ.

ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. ದೇಶದ ಸಮಯ ಕಾಯುವ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೇ 2018ರಲ್ಲಿ, ಈಶಾನ್ಯ ರಾಜ್ಯಗಳಿಗೂ ಅಂಡಮಾನ್ ನಿಕೋಬಾರಿಗೂ ಒಂದು ಗಂಟೆ ಮುಂದಿನ ಬೇರೆ ಸಮಯ ಕೊಡಬಹುದು ಎಂದು ಲೆಕ್ಕ ಸಮೇತ ಬರೆದಿದ್ದಾರೆ. ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದಲೂ ಗಡಿಯಾರ ಒಂದು ಗಂಟೆ ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಿವೆ. ಎರಡು ಸಮಯ ಇಟ್ಟರೆ ರೈಲುಗಳಿಗೆ ಅಪಾಯ ಅನ್ನುವ ಹೆದರಿಕೆ ಇದೆ. ಈಶಾನ್ಯದ ಮಟ್ಟಿಗೆ ಅದು ಯೋಚಿಸಬೇಕಾದ ಮಾತೇ. ಆದರೆ ನಮ್ಮ ದ್ವೀಪಕ್ಕೆ ರೈಲೇ ಇಲ್ಲ! ಬರುವುದು ವಿಮಾನ, ಹಡಗು. ಅವು ಬೇರೆ ಬೇರೆ ದೇಶದ ಟೈಮಿನ ನಡುವೆ ದಿನವೂ ಓಡಾಡುತ್ತವೆ, ಅಲ್ವಾ?

ಗಡಿಯಾರ ಮುಟ್ಟುವುದು ಬೇಡ ಅಂತಾದರೆ ಶಾಲೆ, ಕಚೇರಿಗಳನ್ನು ಈಗಿನದಕ್ಕಿಂತ ಒಂದು ಗಂಟೆ ಬೇಗ ಶುರು ಮಾಡಿ, ಒಂದು ಗಂಟೆ ಬೇಗ ಬಿಡಲಿ. ಅದೂ ಆಗದಿದ್ದರೆ ಬಡಾವಣೆಯ ಮೈದಾನಗಳಿಗೆ ನಾಲ್ಕು ನಾಲ್ಕು ದೀಪದ ಕಂಬವನ್ನಾದರೂ ಹಾಕಲಿ. ಪ್ರವಾಸಿಗರಿಗಾಗಿ ತೀರದ ದಾರಿಯುದ್ದಕ್ಕೂ ದೀಪ ಉರಿಯುತ್ತದೆ. ಮಕ್ಕಳು ಆಡುವ ಜಾಗ ಅದರ ಬೆನ್ನಿಗೇ ಕತ್ತಲಲ್ಲಿರುತ್ತದೆ.

ಇದನ್ನು ಕರ್ನಾಟಕದ ಪತ್ರಿಕೆಗೆ ಯಾಕೆ ಬರೆಯುತ್ತೀಯಾ ಎಂದು ಮನೆಯವರು ಕೇಳಿದರು. ಲೋಕಸಭೆಯಲ್ಲಿ ನಮ್ಮ ಇಡೀ ದ್ವೀಪಗಳಿಗೆ ಇರುವುದು ಒಂದೇ ಸೀಟು. ಕರ್ನಾಟಕಕ್ಕೆ 28. ನಿಮ್ಮ ಪತ್ರಿಕೆ ಓದುವ ಸಂಸದರಲ್ಲಿ ಒಬ್ಬರಾದರೂ ಈ ಮಾತನ್ನು ಸದನದಲ್ಲಿ ಎತ್ತಲಿ ಎಂಬ ಆಸೆಯಿಂದ ಬರೆದಿದ್ದೇನೆ.

ಇತಿ,
ನಿಮ್ಮ ಓದುಗಿ
ಶ್ರೀ ವಿಜಯಪುರಂ, ಅಂಡಮಾನ್