ಪ್ರಾಣಿಗಳನ್ನು ನೋಡುವುದೂ ಪಾಠವಾಗಲಿ

ಮಾನ್ಯರೇ,

ಪಿಯುಸಿಯಲ್ಲಿ ಜೀವಶಾಸ್ತ್ರ ತಗೊಂಡ ಮಕ್ಕಳನ್ನು ಎಲ್ಲರೂ ಕೇಳುವುದು ನೀಟ್ ರ್‍ಯಾಂಕ್ ಎಷ್ಟು ಎಂದೇ. ಪ್ರಾಣಿಗಳ ನಡವಳಿಕೆ ಓದುತ್ತೇನೆ ಅಂದರೆ ‘ಕೆಲಸ ಎಲ್ಲಿ ಸಿಗುತ್ತೆ?’ ಎಂದು ಹೆದರಿಸುತ್ತೇವೆ.

ಆದರೆ ಈ ಓದಿಗೆ ನಮ್ಮ ಬೆಂಗಳೂರೇ ದೊಡ್ಡ ನೆಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳ್ 1983ರಲ್ಲೇ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಅಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಕಟ್ಟಡಗಳ ಮೂಲೆಯಲ್ಲಿ ಗೂಡು ಕಟ್ಟುವ ಸಾಮಾನ್ಯ ಕಡಜವನ್ನು. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಆಹಾರ ತರುತ್ತದೆ, ಯಾವುದು ಜಗಳವಾಡುತ್ತದೆ ಎಂದು ಗಂಟೆಗಟ್ಟಲೆ ನೋಡಿ ಬರೆದುಕೊಳ್ಳುವ ಕೆಲಸ ಅದು. ರೋಪಲಿಡಿಯಾ ಮಾರ್ಜಿನೇಟ ಎಂಬ ಈ ಜಾತಿಯಲ್ಲಿ ರಾಣಿ ಬಲು ಸಾಧು. ಅವಳನ್ನು ಗೂಡಿನಿಂದ ತೆಗೆದರೆ ಕೆಲಸಗಾರ್ತಿಯರಲ್ಲಿ ಒಬ್ಬಳು ಕೆಲವೇ ನಿಮಿಷಗಳಲ್ಲಿ ಎಲ್ಲರ ಮೇಲೂ ಎರಗತೊಡಗುತ್ತಾಳೆ. ರಾಣಿ ವಾಪಸ್ ಬರದಿದ್ದರೆ ಮುಂದಿನ ರಾಣಿ ಅವಳೇ. ಎಷ್ಟು ಸೋಜಿಗ, ಅಲ್ವಾ!

ಇಂಥ ನೋಟಕ್ಕೆ ದುಬಾರಿ ಯಂತ್ರ ಬೇಕಿಲ್ಲ. ನೋಟ್‌ಬುಕ್, ಗಡಿಯಾರ, ಒಂದಿಷ್ಟು ಬಣ್ಣ, ಜಾಸ್ತಿ ತಾಳ್ಮೆ ಸಾಕು. ಹಾಗಿದ್ದೂ ಎಷ್ಟೋ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಇನ್ನೂ ಫಾರ್ಮಲಿನ್ ಸೀಸೆಯೊಳಗಿನ ಪ್ರಾಣಿಯ ಚಿತ್ರ ಬರೆಯುವುದರಲ್ಲೇ ಮುಗಿಯುತ್ತದೆ. ಹಾಸನ, ಕೊಡಗಿನಲ್ಲಿ ಆನೆಗಳು ತೋಟಕ್ಕೆ ಯಾವಾಗ, ಯಾಕೆ ಇಳಿಯುತ್ತವೆ ಎಂದು ಬಲ್ಲವರು ನಮಗೆ ಬೇಕೇ ಬೇಕು. ಅವರು ಸುಮ್ನೆ ಹುಟ್ಟಿಬರುವುದಿಲ್ಲ.

ಕಾಲೇಜು ಆವರಣದ ಇರುವೆ, ಮೈನಾ, ಅಳಿಲನ್ನು ಒಂದು ಸೆಮಿಸ್ಟರ್ ಪೂರ್ತಿ ಗಮನಿಸಿ ವರದಿ ಬರೆದರೆ ಅಂಕ ಸಿಗುವಂತೆ ವಿಶ್ವವಿದ್ಯಾಲಯಗಳು ಪಠ್ಯಕ್ರಮ ತಿದ್ದಲಿ.

– ಪ್ರಾಣಿಶಾಸ್ತ್ರ ವಿದ್ಯಾರ್ಥಿನಿಯೊಬ್ಬಳ ತಾಯಿ, ಶಿವಮೊಗ್ಗ